ಆಡುವವರೇ ಆಡಿಸುವಾಗ: ನಿರ್ವಹಣೆಯ ಪಾಠಕ್ಕೊಂದು ಉದಾಹರಣೆ

ಒಂಬತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ, ವ್ಯವಹಾರ ಅಧ್ಯಯನದ ಭಾಗವಾಗಿ ನಿರ್ವಹಣೆಯ ಪಾಠ ಬಂದಾಗ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಂದೇ ದಾರಿ ಹಿಡಿಯುತ್ತಾರೆ. ಆರು ಚೌಕಗಳ ಚಾರ್ಟು, ಚೌಕದಿಂದ ಚೌಕಕ್ಕೆ ಬಾಣ. ಯೋಜನೆ, ಸಂಘಟನೆ, ಸಿಬ್ಬಂದಿ ನೇಮಕ, ನಿರ್ದೇಶನ, ಸಮನ್ವಯ, ನಿಯಂತ್ರಣ. ಉದಾಹರಣೆಗೆ ಒಂದು ಸಾಬೂನು ಕಾರ್ಖಾನೆ. ಪಾಠದ ಕೊನೆಗೆ ಮಕ್ಕಳು ಆರನ್ನೂ ಕ್ರಮ ತಪ್ಪದೆ ಒಪ್ಪಿಸುತ್ತಾರೆ. ಅವಲೋಕನ ಪುಸ್ತಕದಲ್ಲಿ 'ಉದ್ದೇಶ ಈಡೇರಿದೆ' ಎಂದು ಬರೆಯಲು ಅಡ್ಡಿಯೇನಿಲ್ಲ. ಆದರೆ "ಅಂಗಡಿ ಬಾಗಿಲು ತೆಗೆದಿರುವಾಗ ಇವುಗಳಲ್ಲಿ ಯಾವುದು ನಡೆಯುತ್ತದೆ, ಬಾಗಿಲು ಹಾಕಿದ ಮೇಲೆ ಯಾವುದು?" ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಆರು ಕಾರ್ಯಗಳು ಮಕ್ಕಳ ತಲೆಯಲ್ಲಿ ಏಣಿಯ ಆರು ಮೆಟ್ಟಿಲುಗಳಾಗಿ ಕೂತಿರುತ್ತವೆ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹತ್ತುವುದು, ಅಷ್ಟೆ.

ಇದಕ್ಕೆ ಕಾರಣ ಉದಾಹರಣೆಯಲ್ಲಿಯೇ ಇದೆ ಎಂದು ನನ್ನ ಅಭಿಪ್ರಾಯ. ಸಾಬೂನು ಕಾರ್ಖಾನೆಯಲ್ಲಿ ಕೆಲಸ ಮಾಡುವವರು ಬೇರೆ, ಮಾಡಿಸುವವರು ಬೇರೆ. ಮಾಡಿಸುವವರು ಗಾಜಿನ ಕೋಣೆಯಲ್ಲಿ ಕುಳಿತು ಆರೂ ಕೆಲಸಗಳನ್ನು ಸಾವಕಾಶವಾಗಿ ಮಾಡುತ್ತಾರೆ ಎಂದು ಮಗು ಊಹಿಸಿಕೊಳ್ಳುತ್ತದೆ. ಆಗ ಒಂದು ಕಾರ್ಯ ಇನ್ನೊಂದಕ್ಕಿಂತ ಹೇಗೆ ಭಿನ್ನ ಎಂದು ತಿಳಿಯುವ ಅಗತ್ಯವೇ ಹುಟ್ಟುವುದಿಲ್ಲ. ಮಾಡುವವನೂ ಮಾಡಿಸುವವನೂ ಒಬ್ಬನೇ ಆಗಿರುವ ಉದಾಹರಣೆ ಕೊಟ್ಟರೆ ಆ ಅಗತ್ಯ ತಾನಾಗಿ ಹುಟ್ಟುತ್ತದೆ. ಈ ಗಳಿಗೆಯಲ್ಲಿ ಅವನು ಯಾವ ಕೆಲಸದಲ್ಲಿದ್ದಾನೆ, ಯಾವ ಕೆಲಸವನ್ನು ಕೈಬಿಟ್ಟಿದ್ದಾನೆ ಎಂದು ಮಗು ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಬೇಕಾಗುತ್ತದೆ. ಅದಕ್ಕಾಗಿ ನಾನು ಎರಡು ಅವಧಿಗಳ ಮಾದರಿ ಪಾಠವೊಂದಕ್ಕೆ ತಂಡದಲ್ಲಿ ಆಡುತ್ತಲೇ ತಂಡವನ್ನು ನಡೆಸಿದ ಕ್ರೀಡಾಪಟುಗಳನ್ನು ಆರಿಸಿಕೊಂಡೆ. ಆ ಪಾಠದ ವಿವರ, ಅನಂತರ ಪ್ರಶಿಕ್ಷಣಾರ್ಥಿಗಳು ಅದನ್ನೇ ಬೇರೆ ಶಾಲೆಗಳಲ್ಲಿ ಮಾಡಿದಾಗ ಕಂಡದ್ದು, ಎರಡೂ ಇಲ್ಲಿವೆ.

ಮೊದಲಿಗೆ ಒಂದು ಪದದ ತೊಡಕು

'ಮ್ಯಾನೇಜರ್' ಎಂದ ಕೂಡಲೇ ಮಕ್ಕಳಿಗೆ ನೆನಪಾಗುವುದು ಬ್ಯಾಂಕು, ಹೋಟೆಲು. 'ನಿರ್ವಾಹಕ' ಎಂದರೆ ಇನ್ನೂ ಗೋಜಲು, ಏಕೆಂದರೆ ನಮ್ಮ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಕೊಡುವವರು ನಿರ್ವಾಹಕರು. ಕ್ರೀಡೆಯಲ್ಲಂತೂ ಒಂದೊಂದು ಕಡೆ ಒಂದೊಂದು ಅರ್ಥ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ತಂಡವನ್ನು ಆರಿಸುವವರು, ಅಭ್ಯಾಸ ಮಾಡಿಸುವವರು, ಆಟಗಾರರನ್ನು ಕೊಳ್ಳುವ ಮಾರುವ ವಿಚಾರದಲ್ಲಿಯೂ ಮಾತು ನಡೆಸುವವರು. ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಸುಮಾರಾಗಿ ಅದೇ ಕೆಲಸ ಮಾಡುವವರು ಕೋಚ್. ನಮ್ಮ ಕ್ರಿಕೆಟ್ ತಂಡದ ಜೊತೆ ಹೋಗುವ ಮ್ಯಾನೇಜರ್ ಹೆಚ್ಚಾಗಿ ಪ್ರಯಾಣ, ವಸತಿ, ಶಿಸ್ತು ನೋಡಿಕೊಳ್ಳುವವರು. ಮೈದಾನದಲ್ಲಿ ತಂಡ ನಡೆಸುವವರು ನಾಯಕರು. ಇದನ್ನು ಪೀಠಿಕೆಯಲ್ಲಿಯೇ ಐದು ನಿಮಿಷದಲ್ಲಿ ಬಿಡಿಸದಿದ್ದರೆ ಮುಂದೆ ಪಾಠವೆಲ್ಲ ಪದದ ಜಗಳವಾಗುತ್ತದೆ.

ನನ್ನ ತರಗತಿಯಲ್ಲಿ ಈ ತೊಡಕು ಒಂದು ಉಪಕಾರವನ್ನೂ ಮಾಡಿತು. ಒಬ್ಬ ಹುಡುಗ ಎದ್ದು, "ಸರ್, ನಾನ್‌ಸ್ಟಾಪ್ ಬಸ್ಸಲ್ಲಿ ಡ್ರೈವರೇ ಟಿಕೆಟ್ ಕೊಡ್ತಾರೆ. ಅವರು ಚಾಲಕ ಕಂ ನಿರ್ವಾಹಕ," ಎಂದ. ತರಗತಿ ನಕ್ಕಿತು. ನಾನು ನಗಲಿಲ್ಲ. "ಅವರು ಟಿಕೆಟ್ ಯಾವಾಗ ಕೊಡ್ತಾರಪ್ಪ?" ಎಂದೆ. "ಬಸ್ಸು ಹೊರಡೋಕೆ ಮುಂಚೆ ಸರ್." ಅದನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದು, ಅಳಿಸದೆ ಬಿಟ್ಟೆ. ಯಾವ ಪಾಠಯೋಜನೆಯಲ್ಲಿಯೂ ಇರದ ಇಂಥ ಉತ್ತರ ಬಂದಾಗ ಅದನ್ನು ಹಲಗೆಯ ಮೇಲೆ ಉಳಿಸಿಕೊಳ್ಳುವುದು ಒಳ್ಳೆಯದು. ಎರಡನೆಯ ಅವಧಿಯಲ್ಲಿ ಅದು ಕೆಲಸಕ್ಕೆ ಬಂತು.

ಗೊತ್ತಿರುವಲ್ಲಿಂದ: 2007ರ ಓವಲ್

ಮಕ್ಕಳಿಗೆ ರಾಹುಲ್ ದ್ರಾವಿಡ್ ಗೊತ್ತು. 2007ರ ವಿಶ್ವಕಪ್ ನಂತರ ಗ್ರೆಗ್ ಚಾಪೆಲ್ ಹೊರಟುಹೋದ ಮೇಲೆ ಆ ಬೇಸಿಗೆಯಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡಕ್ಕೆ ಪೂರ್ಣಾವಧಿ ಮುಖ್ಯ ಕೋಚ್ ಇರಲಿಲ್ಲ. ಚಂದು ಬೋರ್ಡೆ ಮ್ಯಾನೇಜರ್ ಆಗಿ ಹೋದರು. ಬೌಲಿಂಗ್ ನೋಡಿಕೊಳ್ಳಲು ವೆಂಕಟೇಶ್ ಪ್ರಸಾದ್, ಫೀಲ್ಡಿಂಗ್‌ಗೆ ರಾಬಿನ್ ಸಿಂಗ್. ತಂಡ ನಡೆಸುವ ಭಾರ ಬಹುಮಟ್ಟಿಗೆ ನಾಯಕ ದ್ರಾವಿಡರದು. ಟ್ರೆಂಟ್ ಬ್ರಿಜ್‌ನಲ್ಲಿ ಗೆದ್ದು 1-0 ಮುಂದಿದ್ದ ಭಾರತ ಮೂರನೆಯ ಟೆಸ್ಟಿಗೆ ಓವಲ್‌ಗೆ ಬಂತು. ಮೊದಲ ಇನಿಂಗ್ಸ್‌ನಲ್ಲಿ 664 ರನ್. ಅನಿಲ್ ಕುಂಬ್ಳೆ ತಮ್ಮ ಏಕೈಕ ಟೆಸ್ಟ್ ಶತಕ ಹೊಡೆದದ್ದು ಈ ಪಂದ್ಯದಲ್ಲಿಯೇ, ಅಜೇಯ 110. ಇಂಗ್ಲೆಂಡ್ 345ಕ್ಕೆ ಔಟ್. ಮುನ್ನಡೆ 319. ಫಾಲೋಆನ್ ಹೇರಬಹುದಿತ್ತು. ದ್ರಾವಿಡ್ ಹೇರಲಿಲ್ಲ, ಮತ್ತೆ ಬ್ಯಾಟ್ ಮಾಡಲು ನಿರ್ಧರಿಸಿದರು. ಬೇಗನೆ ವಿಕೆಟ್‌ಗಳು ಬಿದ್ದವು. ದ್ರಾವಿಡ್ ತಾವೇ ಕ್ರೀಸಿಗೆ ಬಂದು 96 ಎಸೆತಗಳಲ್ಲಿ 12 ರನ್ ಮಾಡಿದರು. 6 ವಿಕೆಟ್‌ಗೆ 180 ಆದಾಗ ಡಿಕ್ಲೇರ್. 500ರ ಗುರಿ ಪಡೆದ ಇಂಗ್ಲೆಂಡ್ 6 ವಿಕೆಟ್‌ಗೆ 369 ಮಾಡಿ ಪಂದ್ಯವನ್ನು ಡ್ರಾ ಮಾಡಿಕೊಂಡಿತು. ಇಂಗ್ಲೆಂಡಿನ ನೆಲದಲ್ಲಿ 1986ರ ನಂತರ ಭಾರತ ಗೆದ್ದ ಮೊದಲ ಟೆಸ್ಟ್ ಸರಣಿ ಅದು.

ಕೇಳಿದ ಪ್ರಶ್ನೆ ಒಂದೇ: ಆ 96 ಎಸೆತಗಳನ್ನು ಆಡಿದ್ದು ಯಾರು? ಬ್ಯಾಟ್ಸ್‌ಮನ್ ದ್ರಾವಿಡರೋ, ಸರಣಿ ಉಳಿಸಿಕೊಳ್ಳಬೇಕೆಂದು ಯೋಜನೆ ಹಾಕಿದ ನಾಯಕ ದ್ರಾವಿಡರೋ? ಅರ್ಧ ತರಗತಿ ಒಂದು ಕಡೆ, ಅರ್ಧ ಇನ್ನೊಂದು ಕಡೆ ನಿಂತಿತು. ಈ ಚರ್ಚೆಯಲ್ಲಿ ಗೆಲ್ಲುವವರು ಯಾರೆಂದು ತೀರ್ಮಾನಿಸುವುದು ಶಿಕ್ಷಕರ ಕೆಲಸವಲ್ಲ. ಹಿಂದಿನ ಸಾಲಿನ ಒಬ್ಬ ಹುಡುಗ ಹೇಳಿದ್ದು ಇದು: "ಬೇರೆ ಯಾರಾದ್ರೂ ಅಷ್ಟು ನಿಧಾನ ಆಡಿದ್ರೆ ಕ್ಯಾಪ್ಟನ್ನು ಒಳಗಿಂದ ಗ್ಲೌಸ್ ಕಳಿಸೋ ನೆಪದಲ್ಲಿ 'ಬೇಗ ಆಡು' ಅಂತ ಹೇಳಿ ಕಳಿಸ್ತಿದ್ರು. ಅವರೇ ಆಡ್ತಾ ಇದ್ರೆ ಯಾರು ಹೇಳಿ ಕಳಿಸಬೇಕು ಸರ್?" ನಿಯಂತ್ರಣ ಎಂಬ ಪದವನ್ನು ನಾನು ಅಲ್ಲಿಯವರೆಗೂ ಬಳಸಿರಲಿಲ್ಲ. ಆ ಪದ ಬರಬೇಕಾದ ಜಾಗವನ್ನು ಅವನೇ ತೋರಿಸಿಕೊಟ್ಟ.

ಲಿವರ್‌ಪೂಲಿನ ಡಾಲ್ಗ್ಲಿಶ್

ಪಾಠದ ನಡುಗಂಬ ಇದು. ಕ್ರಿಕೆಟ್ ನಾಯಕರು ಅರ್ಧ ಮ್ಯಾನೇಜರ್. ಕೆನ್ನಿ ಡಾಲ್ಗ್ಲಿಶ್ ಪೂರ್ತಿ ಮ್ಯಾನೇಜರ್, ಪೂರ್ತಿ ಆಟಗಾರ. 1985ರ ಮೇ 29ರಂದು ಬ್ರಸೆಲ್ಸ್‌ನ ಹೇಸೆಲ್ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ಮತ್ತು ಯುವೆಂಟಸ್ ನಡುವಿನ ಫೈನಲ್‌ಗೆ ಮುನ್ನ ನಡೆದ ದುರಂತದಲ್ಲಿ 39 ಜನ ಸತ್ತರು. ಮ್ಯಾನೇಜರ್ ಜೋ ಫೇಗನ್ ನಿವೃತ್ತರಾದರು. ಇಂಗ್ಲೆಂಡಿನ ಕ್ಲಬ್‌ಗಳನ್ನು ಯುರೋಪಿನ ಪಂದ್ಯಾವಳಿಗಳಿಂದ ಹೊರಗಿಡಲಾಯಿತು. ಅಂಥ ಹೊತ್ತಿನಲ್ಲಿ 34 ವರ್ಷದ, ಇನ್ನೂ ಆಡುತ್ತಿದ್ದ ಡಾಲ್ಗ್ಲಿಶ್ ಕೈಗೆ ತಂಡವನ್ನು ಕೊಟ್ಟರು. ನಿನ್ನೆಯವರೆಗೆ ಪಕ್ಕದಲ್ಲಿ ಕುಳಿತು ಬೂಟು ಕಟ್ಟಿಕೊಳ್ಳುತ್ತಿದ್ದ ಗೆಳೆಯರನ್ನು ಇಂದಿನಿಂದ ಆರಿಸುವ, ಕೈಬಿಡುವ ಅಧಿಕಾರ.

ಮಕ್ಕಳಿಗೆ ಇದು ತಟ್ಟಲಿ ಎಂದು ಇಲ್ಲಿ ಸ್ವಲ್ಪ ನಿಂತೆ. ತರಗತಿಯ ನಾಯಕನಾದವನಿಗೆ, ಗಲಾಟೆ ಮಾಡಿದವರ ಹೆಸರು ಹಲಗೆಯ ಮೇಲೆ ಬರೆಯಲು ಹೇಳಿದಾಗ, ಬೆಂಚಿನ ಗೆಳೆಯನ ಹೆಸರು ಬರೆಯುವುದು ಎಷ್ಟು ಕಷ್ಟ ಎಂದು ಅವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಡಾಲ್ಗ್ಲಿಶ್ ತಂಡದ ನಾಯಕತ್ವವನ್ನು ಹಿರಿಯ ಆಟಗಾರ ಫಿಲ್ ನೀಲ್‌ರಿಂದ ತೆಗೆದು ಅಲನ್ ಹ್ಯಾನ್ಸೆನ್‌ಗೆ ಕೊಟ್ಟರು. ಅದೇ ಡಿಸೆಂಬರ್‌ನಲ್ಲಿ ನೀಲ್ ಲಿವರ್‌ಪೂಲ್ ಬಿಟ್ಟು ಬೋಲ್ಟನ್ ತಂಡಕ್ಕೆ ಹೋದರು, ಅಲ್ಲಿ ಅವರೇ ಆಟಗಾರ-ಮ್ಯಾನೇಜರ್ ಆದರು. ಮಧ್ಯಮೈದಾನಕ್ಕೆ ಸ್ಟೀವ್ ಮೆಕ್‌ಮಹಾನ್‌ರನ್ನು ಆಸ್ಟನ್ ವಿಲ್ಲಾದಿಂದ ತಂದರು. ಸಂಘಟನೆ, ಸಿಬ್ಬಂದಿ ನೇಮಕ ಎಂಬ ಎರಡು ಚೌಕಗಳು ಇಲ್ಲಿಯೇ ತುಂಬಿದವು, ಅದೂ ಪಂದ್ಯವಿಲ್ಲದ ದಿನಗಳಲ್ಲಿ.

ಆದರೆ ಅವರು ಆಯ್ಕೆ ಮಾಡಬೇಕಾದ ಒಬ್ಬ ಆಟಗಾರನ ವಿಷಯದಲ್ಲಿ ಮಾತ್ರ ಯಾವ ಪಠ್ಯವೂ ದಾರಿ ತೋರಿಸುವುದಿಲ್ಲ. ಆ ಆಟಗಾರ ತಾನೇ. ಇಂಗ್ಲಿಷ್ ಲೀಗಿನ ಆ ಋತುವಿನಲ್ಲಿ 42 ಪಂದ್ಯಗಳು. ಡಾಲ್ಗ್ಲಿಶ್ ಅವುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ ಆಡಿದರು. ಬಹಳ ದಿನ ತಮ್ಮ ಜಾಗವನ್ನು ಪಾಲ್ ವಾಲ್ಶ್ ಎಂಬ ಕಿರಿಯ ಆಟಗಾರನಿಗೆ ಬಿಟ್ಟುಕೊಟ್ಟರು. ಕ್ಲಬ್ ಕಂಡ ಅತ್ಯುತ್ತಮ ಆಟಗಾರರಲ್ಲೊಬ್ಬ ತನ್ನನ್ನು ತಾನೇ ಹೊರಗೆ ಕೂರಿಸಿದ್ದ. ವಾಲ್ಶ್ ಗಾಯಗೊಂಡ ಮೇಲೆ, ಋತುವಿನ ಕೊನೆಯ ಹಂತದಲ್ಲಿ, ಮತ್ತೆ ತಂಡಕ್ಕೆ ಬಂದರು. ಫೆಬ್ರವರಿಯಲ್ಲಿ ನೆರೆಯ ಎವರ್ಟನ್ ಎದುರು ಸೋತ ಲಿವರ್‌ಪೂಲ್ ಅಲ್ಲಿಂದ ಮುಂದೆ ಲೀಗಿನಲ್ಲಿ ಸೋಲಲಿಲ್ಲ. 1986ರ ಮೇ 3ರಂದು ಲಂಡನ್ನಿನ ಸ್ಟ್ಯಾಮ್‌ಫರ್ಡ್ ಬ್ರಿಜ್‌ನಲ್ಲಿ ಚೆಲ್ಸಿ ಎದುರು ಗೆದ್ದರೆ ಪ್ರಶಸ್ತಿ. ಜಿಮ್ ಬೆಗ್ಲಿನ್ ಎತ್ತಿ ಕೊಟ್ಟ ಚೆಂಡನ್ನು ಎದೆಯ ಮೇಲೆ ಇಳಿಸಿಕೊಂಡು, ಅದು ನೆಲ ಮುಟ್ಟುವ ಮೊದಲೇ ಒದ್ದು ಗೋಲು ಹೊಡೆದವರು ಮ್ಯಾನೇಜರ್ ಸ್ವತಃ. 1-0. ಒಂದು ವಾರದ ನಂತರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ಎದುರು 3-1. ಆಟಗಾರ-ಮ್ಯಾನೇಜರ್ ಒಬ್ಬರು ಲೀಗ್ ಮತ್ತು ಕಪ್ ಎರಡನ್ನೂ ಒಂದೇ ಋತುವಿನಲ್ಲಿ ಗೆದ್ದದ್ದು ಇಂಗ್ಲೆಂಡಿನಲ್ಲಿ ಅದೇ ಮೊದಲು.

ಒಂದು ಎಚ್ಚರಿಕೆ. ನನ್ನ ನಂತರ ಈ ಪಾಠ ಮಾಡಿದ ಪ್ರಶಿಕ್ಷಣಾರ್ಥಿಯೊಬ್ಬರು ಫುಟ್‌ಬಾಲ್ ಪ್ರೇಮಿ. ಈ ಗೋಲಿಗೆ ಬಂದವರು ಅಲ್ಲಿಂದ ಹೊರಡಲೇ ಇಲ್ಲ. ಮಕ್ಕಳು ಕಣ್ಣರಳಿಸಿ ಕೇಳಿದರು ನಿಜ, ಆದರೆ ಗಂಟೆ ಹೊಡೆಯುವ ಹೊತ್ತಿಗೆ ಹಲಗೆಯ ಮೇಲೆ ನಿರ್ವಹಣೆಯ ಒಂದು ಕಾರ್ಯವೂ ಬಂದಿರಲಿಲ್ಲ. ಕಥೆ ಚೆನ್ನಾಗಿದ್ದಷ್ಟೂ ಅದನ್ನು ನಿಲ್ಲಿಸಿ ಪ್ರಶ್ನೆ ಕೇಳುವ ಜಾಗಗಳನ್ನು ಪಾಠಯೋಜನೆಯಲ್ಲಿ ಮೊದಲೇ ಗುರುತು ಮಾಡಿಕೊಳ್ಳಬೇಕು. ಗೋಲಿನ ಜಾಗದಲ್ಲಿ ಕೇಳಬೇಕಾದ ಪ್ರಶ್ನೆ: ಆ ಕ್ಷಣದಲ್ಲಿ, ಚೆಂಡು ಎದೆಯ ಮೇಲಿದ್ದಾಗ, ಲಿವರ್‌ಪೂಲ್ ತಂಡವನ್ನು ನಡೆಸುತ್ತಿದ್ದವರು ಯಾರು?

ಉತ್ತರ ಬೆಂಚಿನ ಮೇಲಿದೆ. ಆ ದಿನಗಳಲ್ಲಿ ಲಿವರ್‌ಪೂಲಿನ ಬೆಂಚಿನಲ್ಲಿ ರೋನಿ ಮೊರಾನ್, ರಾಯ್ ಇವಾನ್ಸ್ ಎಂಬ ಇಬ್ಬರು ತರಬೇತುದಾರರು ಇದ್ದರು. ಹತ್ತಾರು ವರ್ಷಗಳಿಂದ ಅದೇ ಕ್ಲಬ್ಬಿನಲ್ಲಿ ಇದ್ದವರು. ಜೊತೆಗೆ ಸಲಹೆಗಾರರಾಗಿ ಬಾಬ್ ಪೇಸ್ಲಿ. 1974ರಿಂದ 1983ರವರೆಗೆ ಮ್ಯಾನೇಜರ್ ಆಗಿ ಆರು ಲೀಗ್ ಪ್ರಶಸ್ತಿ, ಮೂರು ಯುರೋಪಿಯನ್ ಕಪ್ ಗೆದ್ದವರು. ಮೈದಾನದೊಳಗೆ ಓಡುವವನಿಗೆ ತನ್ನ ಸುತ್ತಲಿನ ಇಪ್ಪತ್ತು ಗಜ ಕಾಣುತ್ತದೆ. ಎಡಭಾಗದ ಹಿಂಬದಿಯಲ್ಲಿ ಒಬ್ಬ ಸುಸ್ತಾಗಿ ಬಾಗಿ ನಿಂತಿರುವುದು ಕಾಣುವುದಿಲ್ಲ. ಅದು ಗೆರೆಯ ಹೊರಗೆ ಕುಳಿತವರಿಗೆ ಕಾಣುತ್ತದೆ. ನಿಯಂತ್ರಣ ಎಂದರೆ ಯೋಜನೆಯನ್ನೂ ನಡೆಯುತ್ತಿರುವುದನ್ನೂ ಹೋಲಿಸಿ ನೋಡಿ ತಿದ್ದುವುದು ಎಂದು ಪಠ್ಯ ಹೇಳುತ್ತದೆ. ನೋಡಲು ನಿಲ್ಲುವ ಜಾಗ ಬೇಕು ಎಂಬುದನ್ನು ಪಠ್ಯ ಹೇಳುವುದಿಲ್ಲ. ಡಾಲ್ಗ್ಲಿಶ್ ಆರು ಕಾರ್ಯಗಳಲ್ಲಿ ಐದನ್ನು ತಾವೇ ಮಾಡಿ, ಆಡುವ ದಿನಗಳಲ್ಲಿ ಆರನೆಯದರ ಬಹುಭಾಗವನ್ನು ಹೊರಗಿನ ಕಣ್ಣುಗಳಿಗೆ ಒಪ್ಪಿಸಿದ್ದರು ಎಂದೇ ನಾನು ಓದುತ್ತೇನೆ.

ಆಟ ಎಷ್ಟು ಸಲ ನಿಲ್ಲುತ್ತದೆ?

ಇಲ್ಲಿಗೆ ಮೊದಲ ಅವಧಿ ಮುಗಿಯುತ್ತದೆ. ಎರಡನೆಯದನ್ನು ಮೂಲೆಯಲ್ಲಿ ಉಳಿದಿದ್ದ 'ಬಸ್ಸು ಹೊರಡುವ ಮುಂಚೆ' ಎಂಬ ಸಾಲಿನಿಂದ ಆರಂಭಿಸಿದೆ. ಚಾಲಕರು ಟಿಕೆಟ್ ಕೊಡುವುದು ಬಸ್ಸು ನಿಂತಿರುವಾಗ. ಹಾಗಾದರೆ ಯಾವ ಆಟ ಎಷ್ಟು ಸಲ ನಿಲ್ಲುತ್ತದೆ? ಮಕ್ಕಳೇ ಹೇಳುತ್ತಾ ಹೋದರು. ಕ್ರಿಕೆಟ್‌ನಲ್ಲಿ ಪ್ರತಿ ಆರು ಎಸೆತಕ್ಕೆ ಓವರ್ ಮುಗಿಯುತ್ತದೆ, ನಾಯಕ ಬೌಲರ್ ಬದಲಿಸಬಹುದು, ಫೀಲ್ಡ್ ಬದಲಿಸಬಹುದು. ಕಬಡ್ಡಿಯಲ್ಲಿ ಒಂದು ರೈಡ್‌ಗೆ 30 ಸೆಕೆಂಡು. ವಾಲಿಬಾಲ್‌ನಲ್ಲಿ ಪ್ರತಿ ಪಾಯಿಂಟಿಗೂ ಆಟ ನಿಲ್ಲುತ್ತದೆ. ಫುಟ್‌ಬಾಲ್‌ನಲ್ಲಿ 45 ನಿಮಿಷ ಚೆಂಡು ಓಡುತ್ತಲೇ ಇರುತ್ತದೆ, ಟೈಮ್‌ಔಟ್ ಇಲ್ಲ. ಡಾಲ್ಗ್ಲಿಶ್ ಆಡಿದ ಆ ಋತುವಿನಲ್ಲಿ ಇಂಗ್ಲಿಷ್ ಲೀಗಿನ ಪಂದ್ಯಕ್ಕೆ ಒಬ್ಬನೇ ಬದಲಿ ಆಟಗಾರ, ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಟೈಮ್‌ಔಟ್ ಕೇಳಬಹುದು, ಆಟಗಾರ ಹೊರಗೆ ಹೋಗಿ ಕುಳಿತು ಮತ್ತೆ ಬರಬಹುದು.

ಈ ಪಟ್ಟಿ ಹಲಗೆಯ ಮೇಲೆ ಬಂದ ಮೇಲೆ ಬಿಲ್ ರಸೆಲ್‌ರ ಕಥೆ ಹೇಳುವುದು ಸುಲಭ. ಬಾಸ್ಟನ್ ಸೆಲ್ಟಿಕ್ಸ್ ತಂಡ ಕೋಚ್ ರೆಡ್ ಔರ್‌ಬಾಕ್ ಅವರಡಿ 1959ರಿಂದ 1966ರವರೆಗೆ ಸತತ ಎಂಟು ಸಲ ಅಮೆರಿಕದ ಎನ್‌ಬಿಎ ಪ್ರಶಸ್ತಿ ಗೆದ್ದಿತ್ತು. ಔರ್‌ಬಾಕ್ ಕೋಚ್ ಸ್ಥಾನ ಬಿಟ್ಟು ಜನರಲ್ ಮ್ಯಾನೇಜರ್ ಆಗಿ ಉಳಿದರು. ತಂಡದ ಕೇಂದ್ರ ಆಟಗಾರ ರಸೆಲ್ ಕೋಚ್ ಆದರು, ಆಟ ಬಿಡಲಿಲ್ಲ. ಎನ್‌ಬಿಎಯಲ್ಲಿ ಮುಖ್ಯ ಕೋಚ್ ಆದ ಮೊದಲ ಕಪ್ಪು ವರ್ಣೀಯರು ಅವರು. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಹೋರಾಟ ಕಾವೇರಿದ್ದ ಕಾಲ. ಸೋತರೆ ಸೋಲು ರಸೆಲ್ ಒಬ್ಬರದೇ ಆಗುತ್ತಿರಲಿಲ್ಲ. ಮೊದಲ ವರ್ಷ ಸೋತರು. ವಿಲ್ಟ್ ಚೇಂಬರ್ಲಿನ್ ಇದ್ದ ಫಿಲಡೆಲ್ಫಿಯಾ ಅವರನ್ನು ಮಣಿಸಿತು, ಎಂಟು ವರ್ಷದ ಸರಪಳಿ ತುಂಡಾಯಿತು. ಮರುವರ್ಷ ಅದೇ ಫಿಲಡೆಲ್ಫಿಯಾ ಎದುರು 1-3 ಹಿಂದಿದ್ದು, ಉಳಿದ ಮೂರೂ ಪಂದ್ಯ ಗೆದ್ದು, ಫೈನಲ್‌ನಲ್ಲಿ ಲಾಸ್ ಏಂಜಲಿಸ್ ಲೇಕರ್ಸ್‌ ಎದುರೂ ಗೆದ್ದು 1968ರ ಪ್ರಶಸ್ತಿ ಪಡೆದರು. 1969ರಲ್ಲಿ ಮತ್ತೊಮ್ಮೆ.

1969ರ ಫೈನಲಿನ ಏಳನೆಯ ಪಂದ್ಯವನ್ನು ನಾನು ಬೇಕೆಂದೇ ವಿವರವಾಗಿ ಹೇಳುತ್ತೇನೆ. ಈಗ ಚೇಂಬರ್ಲಿನ್ ಲೇಕರ್ಸ್ ತಂಡದಲ್ಲಿದ್ದರು. ಕೊನೆಯ ನಿಮಿಷಗಳಲ್ಲಿ ಮೊಣಕಾಲಿಗೆ ಪೆಟ್ಟಾಗಿ ಹೊರಗೆ ಬಂದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಆಡಲು ಸಿದ್ಧ ಎಂದರು. ಅವರ ಕೋಚ್, ಆಡದೆ ಹೊರಗೆ ನಿಂತಿದ್ದ ಬುಚ್ ವ್ಯಾನ್ ಬ್ರೆಡ ಕೋಲ್ಫ್, ಒಳಗೆ ಬಿಡಲಿಲ್ಲ. ಲೇಕರ್ಸ್ 106-108ರಿಂದ ಸೋತರು. ಗೆದ್ದ ತಂಡದ ಕೋಚ್ ಅಂಕಣದೊಳಗೆ ಬೆವರು ಸುರಿಸುತ್ತಿದ್ದರು. ಈ ಕಥೆ ಇಲ್ಲದಿದ್ದರೆ ಮಕ್ಕಳು 'ಹೊರಗೆ ಇದ್ದವರೇ ಸರಿಯಾಗಿ ನೋಡುತ್ತಾರೆ' ಎಂಬ ಇನ್ನೊಂದು ಸಿದ್ಧ ಸೂತ್ರವನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಹೊರಗಿನ ಕಣ್ಣು ಬೇಕು, ಆದರೆ ಕಣ್ಣಿದ್ದ ಮಾತ್ರಕ್ಕೆ ತೀರ್ಮಾನ ಸರಿಯಾಗುವುದಿಲ್ಲ.

ಅದೇ ವ್ಯವಸ್ಥೆ ನಿಲ್ಲದೆ ಹೋದದ್ದಕ್ಕೂ ಉದಾಹರಣೆ ಕೊಡಬೇಕಲ್ಲ. 2019ರಲ್ಲಿ ಮ್ಯಾಂಚೆಸ್ಟರ್ ಸಿಟಿ ಬಿಟ್ಟ ವಿನ್ಸೆಂಟ್ ಕೊಂಪನಿ ತಾವು ಬೆಳೆದ ಬೆಲ್ಜಿಯಂನ ಆಂಡರ್‌ಲೆಕ್ಟ್ ಕ್ಲಬ್ಬಿಗೆ ಆಟಗಾರ-ಮ್ಯಾನೇಜರ್ ಆಗಿ ಹಿಂದಿರುಗಿದರು. ಮೊದಲ ನಾಲ್ಕು ಲೀಗ್ ಪಂದ್ಯಗಳಲ್ಲಿ ಸಿಕ್ಕಿದ್ದು ಎರಡೇ ಅಂಕ. ಆಗಸ್ಟ್ ತಿಂಗಳಲ್ಲಿಯೇ ಪಂದ್ಯದ ದಿನದ ತೀರ್ಮಾನಗಳನ್ನು ಜೊತೆಗಾರ ಸೈಮನ್ ಡೇವಿಸ್‌ಗೆ ಬಿಟ್ಟು, ಆ ದಿನ ಆಟಕ್ಕಷ್ಟೇ ಗಮನ ಕೊಡಲು ತೀರ್ಮಾನಿಸಿದರು. ಅಕ್ಟೋಬರ್‌ನಲ್ಲಿ ಫ್ರಾಂಕಿ ವರ್ಕಾಟೆರನ್ ಮುಖ್ಯ ಕೋಚ್ ಆಗಿ ಬಂದರು. ಮರುವರ್ಷ ಆಗಸ್ಟ್‌ನಲ್ಲಿ ಕೊಂಪನಿ ಆಟ ಬಿಟ್ಟು ಪೂರ್ಣಾವಧಿ ಕೋಚ್ ಆದರು. ಇಲ್ಲಿ ಮಕ್ಕಳಿಗೆ ಕೊಟ್ಟ ಕೆಲಸ: ಕೊಂಪನಿ ಆಗಸ್ಟ್‌ನಲ್ಲಿ ಬಿಟ್ಟುಕೊಟ್ಟದ್ದು ಆರರಲ್ಲಿ ಯಾವುದನ್ನು, ಇಟ್ಟುಕೊಂಡದ್ದು ಯಾವುದನ್ನು? ಬಹಳ ಮಂದಿ ಸರಿಯಾಗಿಯೇ ಬಿಡಿಸಿದರು.

ಆಟಗಾರ-ಮ್ಯಾನೇಜರ್‌ಗಳು ಈಗ ಯಾಕೆ ಅಪರೂಪ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಇದಕ್ಕೆ ಹೆಚ್ಚು ಹೊತ್ತು ಬೇಡ. 1996ರಿಂದ 1998ರ ನಡುವೆ ಚೆಲ್ಸಿಯಲ್ಲಿ ರೂಡ್ ಗುಲ್ಲಿಟ್, ಅವರ ಬೆನ್ನಿಗೆ ಜಿಯಾನ್‌ಲೂಕಾ ವಿಯಾಲಿ, ಇಬ್ಬರೂ ಆಡುತ್ತಲೇ ತಂಡ ನಡೆಸಿ ಕಪ್‌ಗಳನ್ನು ಗೆದ್ದರು. ಅನಂತರ ದೊಡ್ಡ ಕ್ಲಬ್‌ಗಳಲ್ಲಿ ಆ ಪದ್ಧತಿ ಕ್ಷೀಣಿಸಿತು. ತರಬೇತುದಾರರಿಗೆ ಪರವಾನಗಿ ಬೇಕಾಯಿತು, ಬೆಂಚಿನ ಮೇಲಿನ ಸಿಬ್ಬಂದಿ ಬೆಳೆಯಿತು. ಎನ್‌ಬಿಎಯ ಕಾರಣ ವ್ಯವಹಾರ ಅಧ್ಯಯನಕ್ಕೆ ಇನ್ನೂ ಹತ್ತಿರದ್ದು. 1984ರ ಸುಮಾರಿಗೆ ಅಲ್ಲಿ ತಂಡವೊಂದು ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳಕ್ಕೆ ಮಿತಿ ಬಂತು. ಕೋಚ್ ಸಂಬಳ ಆ ಮಿತಿಯ ಹೊರಗೆ. ಆಟಗಾರನನ್ನೇ ಕೋಚ್ ಎಂದು ಕರೆದು ಹೆಚ್ಚು ಹಣ ಕೊಡುವ ಉಪಾಯಕ್ಕೆ ದಾರಿಯಾಗಬಾರದೆಂದು ಎರಡೂ ಕೆಲಸ ಒಬ್ಬರೇ ಮಾಡುವುದನ್ನು ನಿಷೇಧಿಸಿದರು. ಲೆಕ್ಕದ ಪುಸ್ತಕವೊಂದು ಆಟದ ಸಂಪ್ರದಾಯವನ್ನೇ ಮುಗಿಸಿದ ಬಗೆ ಇದು.

ಮೈದಾನದಲ್ಲಿ ಹತ್ತು ನಿಮಿಷ

ಪರಿಶೋಧನೆಯ ಹಂತಕ್ಕೆ ಒಂದು ಚಟುವಟಿಕೆ ಮಾಡಿಸಿದೆವು. ಎರಡು ಕಬಡ್ಡಿ ತಂಡ. ಪ್ರತಿ ತಂಡಕ್ಕೂ ಆಡುತ್ತಲೇ ತಂಡ ನಡೆಸುವ ಒಬ್ಬ ಮುಖ್ಯಸ್ಥ, ಗೆರೆಯ ಹೊರಗೆ ಕುಳಿತು ಬರಿದೆ ನೋಡುವ ಒಬ್ಬ ವೀಕ್ಷಕ. ಹತ್ತು ನಿಮಿಷ ಆಟ. ಮುಗಿದ ಕೂಡಲೇ ಮುಖ್ಯಸ್ಥನಿಗೂ ವೀಕ್ಷಕನಿಗೂ ಬೇರೆಬೇರೆ ಚೀಟಿಯಲ್ಲಿ ಅವೇ ಮೂರು ಪ್ರಶ್ನೆ: ನಿಮ್ಮ ಕಡೆಯಿಂದ ಅತಿ ಹೆಚ್ಚು ರೈಡ್ ಮಾಡಿದವರು ಯಾರು? ಒಂದು ಸಲವೂ ರೈಡ್ ಮಾಡದವರು ಯಾರು? ಎದುರಾಳಿಗಳು ನಿಮ್ಮ ಯಾವ ಮೂಲೆಯ ಮೇಲೆ ಹೆಚ್ಚು ಬಂದರು? ಚೀಟಿಗಳನ್ನು ಪಕ್ಕಪಕ್ಕದಲ್ಲಿ ಓದಿದಾಗ ಪಾಠ ತಾನೇ ಮಾತಾಡುತ್ತದೆ. ಹುಡುಗರ ತಂಡದ ಮುಖ್ಯಸ್ಥ ಎರಡನೆಯ ಪ್ರಶ್ನೆಗೆ 'ಎಲ್ಲರೂ ಮಾಡಿದರು' ಎಂದು ಬರೆದಿದ್ದ. ವೀಕ್ಷಕ ಇಬ್ಬರ ಹೆಸರು ಬರೆದಿದ್ದ. ಆ ಇಬ್ಬರೂ ಅಲ್ಲೇ ನಿಂತಿದ್ದರು.

ಹುಡುಗಿಯರ ತಂಡದ ಮುಖ್ಯಸ್ಥೆಯ ಚೀಟಿ ಮಾತ್ರ ವೀಕ್ಷಕಿಯ ಚೀಟಿಗೆ ಬಹುತೇಕ ಹೊಂದುತ್ತಿತ್ತು. ಹೇಗಮ್ಮ ಎಂದು ಕೇಳಿದರೆ, "ಔಟಾಗಿ ಹೊರಗೆ ಕೂತವರನ್ನ ಕೇಳ್ತಾ ಇದ್ದೆ ಸರ್. ಅವರಿಗೆ ಕೆಲಸ ಇರಲ್ವಲ್ಲ," ಎಂದಳು. ಕಬಡ್ಡಿಯಲ್ಲಿ ಔಟಾದವರು ಮತ್ತೆ ಒಳಗೆ ಬರುವವರೆಗೆ ಹೊರಗೇ ಕೂರಬೇಕು. ಅವಳು ಅವರನ್ನೇ ತನ್ನ ಮೊರಾನ್, ಇವಾನ್ಸ್ ಮಾಡಿಕೊಂಡಿದ್ದಳು. ಈ ಚಟುವಟಿಕೆ ಮಾಡುವವರು ಮೂರು ಪ್ರಶ್ನೆಗಳನ್ನು ಆಟಕ್ಕೆ ಮೊದಲು ಹೇಳಬಾರದು. ಒಂದು ಶಾಲೆಯಲ್ಲಿ ಮೊದಲೇ ಹೇಳಿಬಿಟ್ಟಿದ್ದರಿಂದ ಮುಖ್ಯಸ್ಥ ಆಡುವುದನ್ನೇ ಬಿಟ್ಟು ಎಣಿಸುತ್ತಾ ನಿಂತ. ಅದೂ ಒಂದು ಫಲಿತಾಂಶವೇ, ಆದರೆ ಹೋಲಿಕೆಗೆ ಏನೂ ಉಳಿಯುವುದಿಲ್ಲ.

ನಮ್ಮ ಬೋಧನಾಭ್ಯಾಸದಲ್ಲಿ

ಈ ಪಾಠವನ್ನು ಪ್ರಶಿಕ್ಷಣಾರ್ಥಿಗಳ ಜೊತೆ ವಿಮರ್ಶೆ ಮಾಡುವಾಗ ಮಾತು ಅನಿವಾರ್ಯವಾಗಿ ನಮ್ಮ ಕಡೆಗೇ ತಿರುಗಿತು. ಸಣ್ಣ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು ಆಟಗಾರ-ಮ್ಯಾನೇಜರ್ ಅಲ್ಲದೆ ಮತ್ತೇನು? ತರಗತಿ ತೆಗೆದುಕೊಳ್ಳಬೇಕು, ಬಿಸಿಯೂಟದ ಲೆಕ್ಕ ಇಡಬೇಕು, ಎಸ್‌ಡಿಎಂಸಿ ಸಭೆ ಕರೆಯಬೇಕು, ವೇಳಾಪಟ್ಟಿ ಹಾಕುವಾಗ ತಮಗೆ ಎಷ್ಟು ಅವಧಿ ಎಂದು ತಾವೇ ತೀರ್ಮಾನಿಸಬೇಕು. ಡಾಲ್ಗ್ಲಿಶ್ ತಮ್ಮನ್ನು ತಾವು ಆರಿಸಿಕೊಳ್ಳಬೇಕಾದ ಪ್ರಶ್ನೆ ಇದೇ. ಮುಂದೆ ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಕೆಲವರು ಪ್ರಭಾರ ಮುಖ್ಯ ಶಿಕ್ಷಕರ ಕುರ್ಚಿಯಲ್ಲಿ ಕೂರುವವರೇ.

ಅದಕ್ಕಿಂತ ಹತ್ತಿರದ್ದು ಸಹಪಾಠಿ ಅವಲೋಕನ. ಪಾಠ ಮಾಡುತ್ತಿರುವವರು ತಮ್ಮ ತರಗತಿಯನ್ನು ತಾವು ಪೂರ್ತಿ ನೋಡಲಾರರು. ಅದಕ್ಕೇ ಹಿಂದಿನ ಬೆಂಚಿನಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿಯನ್ನು ಕೂರಿಸುವುದು. ಆದರೆ ನಮ್ಮ ಅವಲೋಕನ ಹಾಳೆಗಳಲ್ಲಿ ಬರುವ ಮಾತುಗಳು ಎಂಥವು? 'ಧ್ವನಿ ಸ್ಪಷ್ಟವಾಗಿತ್ತು', 'ಕಪ್ಪುಹಲಗೆಯ ಬಳಕೆ ಉತ್ತಮ', 'ಆತ್ಮವಿಶ್ವಾಸ ಇದೆ'. ಇವೆಲ್ಲ ಪಾಠ ಮಾಡಿದವರಿಗೇ ಗೊತ್ತಿರುವ ಸಂಗತಿಗಳು. ನಾಳೆ ನನ್ನ ಪಾಠವನ್ನು ಇವನು ನೋಡುತ್ತಾನೆ ಎಂಬ ದಾಕ್ಷಿಣ್ಯವೂ ಅದರಲ್ಲಿ ಸೇರಿದೆ. ಈ ಪಾಠದ ನಂತರ ನನ್ನ ಗುಂಪಿನಲ್ಲಿ ಹಾಳೆಯ ಕೆಳಗೆ ಮೂರು ಸಾಲು ಸೇರಿಸಿದೆ: ಒಂದು ಸಲವೂ ಮಾತಾಡದ ಮಕ್ಕಳು ಎಲ್ಲಿ ಕುಳಿತಿದ್ದರು? ಶಿಕ್ಷಕರ ಕಣ್ಣು ಹೋಗದ ಕಡೆ ಯಾವುದು? ಯಾವ ನಿಮಿಷದಲ್ಲಿ ತರಗತಿ ಕೈಬಿಟ್ಟಿತು? ಕಬಡ್ಡಿ ವೀಕ್ಷಕನ ಚೀಟಿಯನ್ನೇ ತುಸು ಬದಲಿಸಿದ್ದು. ಮೊದಲೆರಡು ವಾರ ಈ ಸಾಲುಗಳು ಖಾಲಿ ಬಂದವು. ಮೂರನೆಯ ವಾರ ಒಬ್ಬರು 'ಬಲಗಡೆ ಕಿಟಕಿಯ ಸಾಲು, ಆರಂಭದಿಂದ ಕೊನೆಯವರೆಗೆ' ಎಂದು ಬರೆದರು. ಆ ಹಾಳೆ ಪಡೆದವರು ಮುಂದಿನ ಪಾಠದಲ್ಲಿ ಕಿಟಕಿಯ ಪಕ್ಕ ನಿಂತು ಆರಂಭಿಸಿದರು.

ಮೌಲ್ಯಮಾಪನ

ಘಟಕ ಪರೀಕ್ಷೆಯಲ್ಲಿ 'ನಿರ್ವಹಣೆಯ ಕಾರ್ಯಗಳನ್ನು ಪಟ್ಟಿ ಮಾಡಿ' ಎಂಬ ಪ್ರಶ್ನೆಯನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ, ಸಾರ್ವಜನಿಕ ಪರೀಕ್ಷೆಯ ಅಭ್ಯಾಸವೂ ಮಕ್ಕಳಿಗೆ ಬೇಕು. ಅದಕ್ಕೆ ಒಂದು ಅಂಕ ಸಾಕು. ಉಳಿದ ಅಂಕಗಳಿಗೆ ಸನ್ನಿವೇಶ ಕೊಟ್ಟೆವು. ನಿಮ್ಮ ಅಮ್ಮ ಮೆಸ್ ನಡೆಸುತ್ತಾರೆ, ಅಡುಗೆಯನ್ನೂ ಅವರೇ ಮಾಡುತ್ತಾರೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಅವರಿಂದ ಆಗದ ಕಾರ್ಯ ಯಾವುದು, ಅದನ್ನು ಯಾರಿಗೆ ಒಪ್ಪಿಸುತ್ತೀರಿ? ಇನ್ನೊಂದು: ಡಾಲ್ಗ್ಲಿಶ್ ತಮ್ಮನ್ನು ಬಿಟ್ಟು ತಂಡದ ಪಟ್ಟಿ ಬರೆದ ದಿನ ನಿರ್ವಹಿಸಿದ್ದು ಯಾವ ಕಾರ್ಯವನ್ನು?

ಎರಡನೆಯ ಪ್ರಶ್ನೆಗೆ ಹೆಚ್ಚಿನ ಮಕ್ಕಳು ಸಿಬ್ಬಂದಿ ನೇಮಕ ಎಂದು ಬರೆದರು, ಕೆಲವರು ನಿಯಂತ್ರಣ ಎಂದರು. ತನ್ನ ಓಟ ಹಿಂದಿನಷ್ಟಿಲ್ಲ ಎಂದು ಅಳೆದು ನೋಡಿ ತಿದ್ದಿಕೊಂಡರು, ಆದ್ದರಿಂದ ನಿಯಂತ್ರಣ ಎಂದು ಒಬ್ಬಳು ಕಾರಣ ಕೊಟ್ಟಿದ್ದಳು. ಮಾದರಿ ಉತ್ತರದಲ್ಲಿ ಸಿಬ್ಬಂದಿ ನೇಮಕ ಎಂದಷ್ಟೇ ಇತ್ತು. ಅವಳಿಗೆ ಪೂರ್ಣ ಅಂಕ ಕೊಟ್ಟು, ಮಾದರಿ ಉತ್ತರದ ಕೆಳಗೆ ಅವಳ ಉತ್ತರವನ್ನೂ ಬರೆಸಿ, ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳ ಕಡತಕ್ಕೆ ಸೇರಿಸಿದ್ದೇವೆ.